ರಾಣಿ ಛಾಪಿನ ರೂಪಾಯಿ

ಹಳೆಯ ನಾಣ್ಯ ಕೂಡಿಡುವ ಹವ್ಯಾಸಕ್ಕೆ ನಮ್ಮ ಹಾಸನದ ಕಡೆ ಅಂಥ ಒಳ್ಳೆಯ ಹೆಸರೇನಿಲ್ಲ. ಗಂಡಸರು ಕೂಡಿಟ್ಟರೆ "ಮಾಡಾಕೆ ಗೇಮೆ ಇಲ್ಲ" ಅನ್ನುತ್ತಾರೆ. ಹೆಂಗಸರು ಕೂಡಿಟ್ಟರೆ "ಎಲ್ಲಿ ನಿಧಿ ಸಿಕ್ತಂತೆ?" ಎಂದು ಪಕ್ಕದ ಮನೆಯವರನ್ನು ವಿಚಾರಿಸುತ್ತಾರೆ. ಈ ಎರಡೂ ಮಾತುಗಳನ್ನು ಕೇಳಿಸಿಕೊಳ್ಳುತ್ತಲೇ ನಾನು ಸುಮಾರು ಮೂವತ್ತು ವರ್ಷಗಳಿಂದ ಬ್ರಿಟಿಷರ ಕಾಲದ ನಾಣ್ಯಗಳನ್ನು ರಾಜರಾಣಿಯರ ಅನುಕ್ರಮದಲ್ಲಿ ಒಂದು ಆಲ್ಬಮ್ಮಿಗೆ ಸೇರಿಸುತ್ತ ಬಂದಿದ್ದೇನೆ. ನಾಣ್ಯಶಾಸ್ತ್ರ ಓದಿದವಳಲ್ಲ ನಾನು; ಬಿ.ಎ., ಬಿ.ಎಡ್. ಮಾಡಿ ಪ್ರೌಢಶಾಲೆಯಲ್ಲಿ ಸಮಾಜವಿಜ್ಞಾನದ ಪಾಠ ಹೇಳುವವಳು. ಪಾಠಕ್ಕೆ ಅನುಕೂಲವಾಗಲಿ ಎಂದು ಶುರುವಾದದ್ದು ಚಟವಾಗಿ ಬೆಳೆಯಿತು. ಆ ಚಟ ನನ್ನ ಮುಂದೆ ಒಡ್ಡಿದ ಒಂದು ಪ್ರಶ್ನೆಯನ್ನು ಇಲ್ಲಿ ಓದುಗರ ಮುಂದೆ ಇಡಬೇಕೆಂದಿದ್ದೇನೆ. ಒಂದು ವಸ್ತುವಿನ ಬೆಲೆ ನನಗೆ ಗೊತ್ತಿದೆ, ಅದನ್ನು ಮಾರಲು ಬಂದವರಿಗೆ ಗೊತ್ತಿಲ್ಲ. ಆಗ ನಾನು ಎಷ್ಟು ಹೇಳಬೇಕು?

ಮೊದಲು ಆಲ್ಬಮ್ಮಿನ ವಿಚಾರ ಹೇಳಿಬಿಡುತ್ತೇನೆ, ಇಲ್ಲದಿದ್ದರೆ ಮುಂದಿನದು ಅರ್ಥವಾಗುವುದಿಲ್ಲ. ಈಸ್ಟ್ ಇಂಡಿಯಾ ಕಂಪನಿಯವರು 1835ರಲ್ಲಿ ತಮ್ಮ ಕೈಕೆಳಗಿನ ಸೀಮೆಗೆಲ್ಲ ಒಂದೇ ಬಗೆಯ ರೂಪಾಯಿ ತಂದರು. ತೂಕ 180 ಗ್ರೇನು, ಅಂದರೆ ಒಂದು ತೊಲ. ಈಗಿನ ಲೆಕ್ಕದಲ್ಲಿ 11.66 ಗ್ರಾಂ. ಹನ್ನೆರಡು ಪಾಲಿನಲ್ಲಿ ಹನ್ನೊಂದು ಪಾಲು ಬೆಳ್ಳಿ. ಅದರ ಮೇಲೆ ನಾಲ್ಕನೆಯ ವಿಲಿಯಂ ದೊರೆಯ ತಲೆ. ರೋಮನ್ ಅಂಕಿಯ ನಾಲ್ಕನ್ನು ಸುಮ್ಮನೆ ನಾಲ್ಕು ಗೀಟು ಎಳೆದು ಬರೆದಿದ್ದಾರೆ. ನಮ್ಮ ಹುಡುಗರು ಹಾಗೆ ಬರೆದರೆ ಕೆಂಪು ಶಾಯಿ ಬೀಳುತ್ತದೆ. ವಿಲಿಯಂ 1837ರಲ್ಲಿ ತೀರಿಕೊಂಡ. ಆದರೂ ಅವನ ತಲೆಯ ನಾಣ್ಯ 1840ರವರೆಗೆ ಟಂಕಸಾಲೆಯಿಂದ ಬರುತ್ತಲೇ ಇತ್ತು. ಆಮೇಲೆ ವಿಕ್ಟೋರಿಯಾ. ಇವಳಿಗೆ ನನ್ನ ಆಲ್ಬಮ್ಮಿನಲ್ಲಿ ಮೂರು ಪುಟ: 1840ರದರಲ್ಲಿ ಬರಿತಲೆಯ ಎಳೆಯ ಹೆಣ್ಣು, 1862ರದರಲ್ಲಿ ಕಿರೀಟ ಇಟ್ಟ ರಾಣಿ, 1877ರಿಂದ ಈಚೆಗೆ ಅದೇ ಮುಖಕ್ಕೆ 'ಎಂಪ್ರೆಸ್' ಎಂಬ ಬಿರುದು. 1862ರ ಇಸವಿ ಹಾಕಿದ ರೂಪಾಯಿಯನ್ನೇ 1874ರವರೆಗೆ ಹೊಡೆದರು. ಯಾವ ವರ್ಷದ್ದೆಂಬ ಗುರುತಿಗೆ ಸಣ್ಣ ಚುಕ್ಕಿಗಳನ್ನು ಇಟ್ಟರು. ಭೂತಗನ್ನಡಿ ಹಿಡಿದು ಆ ಚುಕ್ಕಿ ಎಣಿಸುವ ನನ್ನನ್ನು ಕಂಡರೆ ನಮ್ಮ ಯಜಮಾನರಿಗೆ ಅಕ್ಕಿ ಆರಿಸುವ ಅವರ ತಾಯಿಯ ನೆನಪಾಗುತ್ತದಂತೆ.

ಏಳನೆಯ ಎಡ್ವರ್ಡನ ರೂಪಾಯಿ 1903ರಿಂದ ಬಂತು. ಅವನ ತಲೆಯ ಮೇಲೆ ಕಿರೀಟವಿಲ್ಲ. ಅರಕಲಗೂಡಿನಲ್ಲಿದ್ದ ನಮ್ಮಜ್ಜಿ ಅವನನ್ನು 'ಬೋಳುತಲೆ ರಾಜ' ಎನ್ನುತ್ತಿದ್ದಳು. ಐದನೆಯ ಜಾರ್ಜ್ 1911ರಿಂದ 1936, ಆರನೆಯ ಜಾರ್ಜ್ 1938ರಿಂದ 1947. ನಡುವೆ ಒಬ್ಬ ಎಂಟನೆಯ ಎಡ್ವರ್ಡ್ ಇದ್ದ. ಮದುವೆಯ ಕಾರಣಕ್ಕೆ 1936ರ ಡಿಸೆಂಬರಿನಲ್ಲಿ ಸಿಂಹಾಸನ ಬಿಟ್ಟ. ಅವನ ತಲೆಯ ನಾಣ್ಯ ನಮ್ಮ ದೇಶದಲ್ಲಿ ಚಲಾವಣೆಗೆ ಬರಲೇ ಇಲ್ಲ. ಆದರೆ ಒಂದು ಸ್ವಾರಸ್ಯವಿದೆ. ಒಬ್ಬ ರಾಜ ಬಲಕ್ಕೆ ಮುಖ ಮಾಡಿದರೆ ಅವನ ಮುಂದಿನವನು ಎಡಕ್ಕೆ ಮಾಡಬೇಕೆಂಬುದು ಅವರ ಪದ್ಧತಿ. ವಿಲಿಯಂ ಬಲಕ್ಕೆ, ವಿಕ್ಟೋರಿಯಾ ಎಡಕ್ಕೆ, ಎಡ್ವರ್ಡ್ ಬಲಕ್ಕೆ, ಐದನೆಯ ಜಾರ್ಜ್ ಎಡಕ್ಕೆ. ಆರನೆಯ ಜಾರ್ಜ್ ಬಲಕ್ಕೆ ತಿರುಗಬೇಕಿತ್ತು, ಅವನೂ ಎಡಕ್ಕೇ ನೋಡುತ್ತಿದ್ದಾನೆ. ನಡುವೆ ಒಬ್ಬ ಬಲಕ್ಕೆ ನೋಡಿ ಹೋದ ಎಂದು ಲೆಕ್ಕ ಇಟ್ಟುಕೊಂಡರು! ಮನೆ ಬಿಟ್ಟು ಹೋದ ಮಗನಿಗೂ ಒಂದು ಎಲೆ ಹಾಕಿ ಬಡಿಸಿದ ಹಾಗೆ.

ನಿವೃತ್ತರಾಗಿದ್ದ ಹಿರಿಯ ಮೇಷ್ಟರೊಬ್ಬರು ಒಮ್ಮೆ ಈ ಆಲ್ಬಮ್ ನೋಡಿ, "ನಮ್ಮನ್ನು ಆಳಿದವರ ತಲೆಗಳನ್ನು ಇಷ್ಟು ಜೋಪಾನವಾಗಿ ಯಾಕಮ್ಮ ಜೋಡಿಸಿದ್ದೀಯ?" ಎಂದು ಕೇಳಿದರು. "ಹಾಜರಿ ಪುಸ್ತಕದಲ್ಲಿ ತಂಟೆ ಹುಡುಗರ ಹೆಸರೂ ಇರುತ್ತಲ್ಲ ಸಾರ್" ಅಂದೆ. ಅವರು ನಕ್ಕರು. ನಮ್ಮ ಮೈಸೂರು ಸೀಮೆಯ ಮಟ್ಟಿಗೆ ಆ ಪ್ರಶ್ನೆ ಇನ್ನೂ ತೊಡಕಿನದು. ಮುಮ್ಮಡಿ ಕೃಷ್ಣರಾಜ ಒಡೆಯರ ಕಾಲದಲ್ಲಿ ಆನೆ, ಸಿಂಹಗಳ ಮುದ್ರೆಯ ತಾಮ್ರದ ಕಾಸುಗಳು ಇಲ್ಲೇ ಆಗುತ್ತಿದ್ದವು. 1831ರಲ್ಲಿ ಇಂಗ್ಲಿಷರು ಆಡಳಿತ ವಹಿಸಿಕೊಂಡರು, 1843ರಲ್ಲಿ ಟಂಕಸಾಲೆ ಮುಚ್ಚಿತು. 1881ರಲ್ಲಿ ರಾಜ್ಯ ಒಡೆಯರಿಗೆ ಮರಳಿ ಬಂತು, ಟಂಕಸಾಲೆ ಬರಲಿಲ್ಲ. ಹೈದರಾಬಾದಿನ ನಿಜಾಮರು ತಮ್ಮದೇ ನಾಣ್ಯ ಹೊಡೆಸುತ್ತಲೇ ಇದ್ದರು. ನಮ್ಮಲ್ಲಿ ಮಾತ್ರ ಪಡಸಾಲೆಯ ಗೋಡೆಯ ಮೇಲೆ ನಾಲ್ವಡಿ ಕೃಷ್ಣರಾಜ ಒಡೆಯರ ಪಟ, ಸೊಂಟದ ಚೀಲದೊಳಗೆ ಜಾರ್ಜಿನ ತಲೆ. ಸ್ವಾತಂತ್ರ್ಯ ಬಂದ ಮೇಲೂ ಜಾರ್ಜ್ ಮೂರು ವರ್ಷ ಅಲುಗಲಿಲ್ಲ. 1950ರ ಆಗಸ್ಟ್ 15ಕ್ಕೆ ಅಶೋಕನ ಸಿಂಹದ ನಾಣ್ಯ ಬಂದಾಗಲೇ ಅವನ ಜಾಗಕ್ಕೆ ಬೇರೆಯವರು ಕೂತದ್ದು.

ನಮ್ಮಜ್ಜಿಗೆ ಈ ರಾಜಕೀಯವೆಲ್ಲ ಬೇಕಿರಲಿಲ್ಲ. ಅವಳಿಗೆ ರೂಪಾಯಿ ಎಂದರೆ ತೂಕ. ತೂಕದ ಕಚ್ಚಾ ಸೇರು ಎಂದರೆ 24 ರೂಪಾಯಿ ತೂಕ. ಅಕ್ಕಸಾಲಿಗನ ತಕ್ಕಡಿಯಲ್ಲಿ ಒಂದು ಕಡೆ ರೂಪಾಯಿಯನ್ನೇ ಇಡುತ್ತಿದ್ದರು. ಹೊಸಿಲ ಕಲ್ಲಿನ ಮೇಲೆ ಕುಟ್ಟಿ ಸದ್ದು ಕೇಳಿ, "ಇದು ರಾಣಿ ಛಾಪು, ಇದರ ಗಂಟಲೇ ಬೇರೆ" ಎನ್ನುತ್ತಿದ್ದಳು. 1940ರಲ್ಲಿ ಬೆಳ್ಳಿಯನ್ನು ಅರ್ಧಕ್ಕೆ ಇಳಿಸಿದ್ದು, 1947ರಲ್ಲಿ ಹುಲಿಯ ಚಿತ್ರ ಹಾಕಿ ಬರಿಯ ನಿಕ್ಕಲ್ ರೂಪಾಯಿ ಬಿಟ್ಟದ್ದು ಅವಳ ಕಿವಿಗೆ ಸರ್ಕಾರಿ ಪ್ರಕಟಣೆ ಇಲ್ಲದೆಯೇ ಗೊತ್ತಾಗಿತ್ತು. ಆದರೆ ಅಜ್ಜಿಗೆ ತಿಳಿಯದ ಒಂದು ಸಂಗತಿಯನ್ನು ನಾನು ಆಮೇಲೆ ಓದಿ ತಿಳಿದೆ. 1893ರಲ್ಲಿ ಸರ್ಕಾರ ಜನರು ತಂದ ಬೆಳ್ಳಿಗೆ ರೂಪಾಯಿ ಹೊಡೆದುಕೊಡುವುದನ್ನು ನಿಲ್ಲಿಸಿತು. ಅಲ್ಲಿಂದ ಮುಂದೆ ರೂಪಾಯಿಯೊಳಗಿನ ಬೆಳ್ಳಿಯ ಬೆಲೆಗೂ ಅದರ ಮೇಲೆ ಬರೆದ ಬೆಲೆಗೂ ನಂಟು ಕಡಿಯಿತು. ಬೆಳ್ಳಿ ಅಗ್ಗವಾದರೂ ರೂಪಾಯಿ ರೂಪಾಯಿಯಾಗಿಯೇ ನಿಂತಿತು. ಅಜ್ಜಿ ನಂಬಿದ ಆ ಪ್ರಾಮಾಣಿಕ ಗಂಟಲಿನ ರೂಪಾಯಿಯೂ ಬರಿಯ ತೂಕದಿಂದ ಮಾತಾಡುತ್ತಿರಲಿಲ್ಲ. ಬೆಲೆ ಎಂಬುದು ವಸ್ತುವಿನೊಳಗೆ ಇರುವುದಕ್ಕಿಂತ ಹೆಚ್ಚಾಗಿ ಯಾರಿಗೆ ಏನು ಗೊತ್ತು ಎನ್ನುವುದರಲ್ಲಿದೆ ಎಂದು ನನಗೆ ಹೊಳೆದದ್ದು ಅಲ್ಲಿಂದ.

ಇನ್ನು 1911ರ ರೂಪಾಯಿಯ ಕಥೆ. ಐದನೆಯ ಜಾರ್ಜಿನ ಮೊದಲ ರೂಪಾಯಿಯಲ್ಲಿ ಅವನ ನಿಲುವಂಗಿಯ ಮೇಲಿನ ಸರದಲ್ಲಿ ಒಂದು ಪುಟ್ಟ ಆನೆ ಇತ್ತು. ಸೊಂಡಿಲು ಗಿಡ್ಡ, ಕಾಲು ಗಿಡ್ಡ. ಜನರ ಕಣ್ಣಿಗೆ ಅದು ಹಂದಿಯಾಗಿ ಕಂಡಿತು. ದೊಡ್ಡ ಗುಲ್ಲಾಯಿತು, ಮುಸಲ್ಮಾನರು ಮುಟ್ಟಲೊಲ್ಲೆವೆಂದರು. ಸುಮಾರು 94 ಲಕ್ಷ ರೂಪಾಯಿ ಹೊಡೆದಿದ್ದವರು ಸುಮಾರು 7 ಲಕ್ಷ ಹೊರಗೆ ಬಿಟ್ಟಿದ್ದರು, ಉಳಿದದ್ದನ್ನು ಕರಗಿಸಿದರು. 1912ರಲ್ಲಿ ಆನೆಯನ್ನು ತಿದ್ದಿದರು. ಹೀಗಾಗಿ 1911ರದು ಸುಲಭವಾಗಿ ಸಿಗುವುದಿಲ್ಲ; ಸಿಕ್ಕರೆ ಬೆಳ್ಳಿಯ ತೂಕದ ಬೆಲೆಗಿಂತ ಹಲವು ಪಟ್ಟು ಕೇಳುತ್ತಾರೆ. ನನ್ನ ಆಲ್ಬಮ್ಮಿನಲ್ಲಿ ಜಾರ್ಜಿನ ಪುಟದ ಮೊದಲ ಗೂಡು ಖಾಲಿಯಿತ್ತು.

2006ರಲ್ಲಿ ನಾನು ಚನ್ನರಾಯಪಟ್ಟಣ ತಾಲ್ಲೂಕಿನ ಒಂದು ಹಳ್ಳಿಯ ಶಾಲೆಯಲ್ಲಿದ್ದೆ. ನನ್ನ ಹಳೆಯ ವಿದ್ಯಾರ್ಥಿನಿಯೊಬ್ಬಳ ತಾಯಿ ಒಂದು ಸಂಜೆ ಮನೆಗೆ ಬಂದಳು. ಮಗಳು ಪಿಯುಸಿ ಮುಗಿಸಿದ್ದಳು, ನರ್ಸಿಂಗಿಗೆ ಸೇರಿಸಬೇಕು, ಹಣ ಹೊಂದಿಸಬೇಕು. ಸೆರಗಿನ ಗಂಟು ಬಿಚ್ಚಿ ಏಳು ರೂಪಾಯಿ ಚಾಪೆಯ ಮೇಲೆ ಇಟ್ಟಳು. ಆರಕ್ಕೆ ಮೇಲುಗಡೆ ಬೆಳ್ಳಿಯ ಬಳೆ ಬೆಸೆದಿತ್ತು. ಯಾವುದೋ ಕಾಲದ ಸರದಿಂದ ಬಿಡಿಸಿದವು. ಏಳನೆಯದಕ್ಕೆ ಬೆಸುಗೆ ಇರಲಿಲ್ಲ. ವರಮಹಾಲಕ್ಷ್ಮಿಯ ಕಲಶದೊಳಗೆ ಹಾಕುತ್ತಿದ್ದದ್ದು, ಅರಿಸಿನ ಮೆತ್ತಿಕೊಂಡಿತ್ತು.

"ಮೇಡಮ್ಮೋರೆ, ಪಟ್ಣದಲ್ಲಿ ಸೇಟು ಅಂಗ್ಡೀಲಿ ತೂಕಕ್ಕೆ ತಕಂತೀನಿ ಅಂದ್ರು. ನೀವೂ ಇಂಥವನ್ನ ಮಡೀಕತೀರಂತಲ್ಲ. ಅವ್ರಿಗೆ ಕೊಡೋ ಬದ್ಲು ನಿಮ್ಗೇ ಕೊಡಾನ ಅಂತ ಬಂದೆ. ನೀವಾದ್ರೆ ಮೋಸ ಮಾಡಲ್ಲ."

ಏಳನೆಯದರ ಅರಿಸಿನ ಒರೆಸಿ ಇಸವಿ ನೋಡಿದೆ. 1911.

ಇಲ್ಲಿ ನಾನು ಕಥೆಯನ್ನು ನಿಲ್ಲಿಸಿ ಓದುಗರನ್ನು ಕೇಳುತ್ತೇನೆ. ಅವಳು ಕೇಳಿದ್ದು ತೂಕದ ಬೆಲೆ. ತೂಕದ ಬೆಲೆ ಕೊಟ್ಟು, ಮೇಲೆ ಇನ್ನೊಂದಿಷ್ಟು ಸೇರಿಸಿ ತೆಗೆದುಕೊಂಡಿದ್ದರೆ ಸುಳ್ಳು ಹೇಳಿದ ಹಾಗಾಗುತ್ತಿತ್ತೇ? ಒಂದು ಮಾತೂ ಸುಳ್ಳಿರುತ್ತಿರಲಿಲ್ಲ. ಅವಳು ಸಂತೋಷದಿಂದಲೇ ಹೋಗುತ್ತಿದ್ದಳು. ಕಾನೂನಂತೂ ನನ್ನ ತಂಟೆಗೆ ಬರುತ್ತಿರಲಿಲ್ಲ. ಈ ನಾಣ್ಯಗಳ ರಾಣಿಯ ಕಾಲದಲ್ಲೇ, 1872ರಲ್ಲಿ ಬಂದ ಕರಾರು ಕಾಯಿದೆ ಬರಿಯ ಮೌನ ವಂಚನೆಯಲ್ಲ ಎನ್ನುತ್ತದೆ. ಮಾತಾಡಲೇಬೇಕಾದ ಹೊಣೆ ಇರುವ ಸಂದರ್ಭಗಳನ್ನಷ್ಟೇ ಹೊರತುಪಡಿಸುತ್ತದೆ. ಅಂಥ ಹೊಣೆ ಯಾವಾಗ ಬರುತ್ತದೆಂಬುದೇ ನನ್ನ ಪ್ರಶ್ನೆ.

ನಾನು ಹೇಳಿದೆ. "ಆರನ್ನು ಬೇಕಾದರೆ ಸೇಟಿಗೆ ಕೊಡಮ್ಮ, ಇದೊಂದನ್ನು ತೂಕಕ್ಕೆ ಕೊಡಬೇಡ. ಇದಕ್ಕೆ ಜಾಸ್ತಿ ಬರುತ್ತೆ" ಎಂದೆ. ಅವಳು ಒಂದು ಗಳಿಗೆ ನನ್ನ ಮುಖವನ್ನೇ ನೋಡಿ, "ಹಂಗಾದ್ರೆ ನೀವೆಷ್ಟು ಕೊಡ್ತೀರಿ?" ಅಂದಳು. ಆ ಪ್ರಶ್ನೆಗೆ ನನ್ನಲ್ಲಿ ಉತ್ತರವಿರಲಿಲ್ಲ. ಒಳ್ಳೆಯ ಬೆಲೆಯನ್ನೇ ಕೊಡುತ್ತೇನೆ ಎಂದಿಟ್ಟುಕೊಳ್ಳಿ. ಅದು ಒಳ್ಳೆಯದೆಂದು ಹೇಳುವವರು ಯಾರು? ನಾನೇ. ತಕ್ಕಡಿಯೂ ನನ್ನದು, ತೂಕದ ಕಲ್ಲೂ ನನ್ನದು, ಕೊಳ್ಳುವವಳೂ ನಾನು. ನಂಬಿ ಬಂದವಳಿಗೆ ನ್ಯಾಯವಾಗಿಯೇ ಕೊಟ್ಟರೂ, ನ್ಯಾಯವಾಗಿದೆಯೆಂದು ನೋಡಿಕೊಳ್ಳುವ ದಾರಿ ಅವಳಿಗೆ ಇರಬೇಕಲ್ಲ. "ಇದನ್ನು ನಾನು ಕೊಳ್ಳುವುದಿಲ್ಲ, ಬೆಂಗಳೂರಿನಲ್ಲಿ ನಾಣ್ಯಗಳ ಪ್ರದರ್ಶನ ನಡೆಯುತ್ತೆ, ಅಲ್ಲಿ ಇಬ್ಬರು ಮೂವರನ್ನು ಕೇಳಿ ಹೇಳುತ್ತೇನೆ, ಅಲ್ಲಿಯವರೆಗೆ ನಿನ್ನ ಹತ್ತಿರವೇ ಇರಲಿ" ಎಂದು ಕಳಿಸಿದೆ. ಬಳೆ ಬೆಸೆದ ಒಂದನ್ನು ಮಾತ್ರ ಸೇಟು ಹೇಳಿದ ಬೆಲೆಗೇ ಕೊಂಡೆ. ಅದರ ಬೆಲೆ ಊರಿಗೇ ಗೊತ್ತಿತ್ತು.

ನಮ್ಮ ಯಜಮಾನರಿಗೆ ಇದು ಅತಿಯೆನಿಸಿತು. ಅವರು ಸಹಕಾರಿ ಬ್ಯಾಂಕಿನಲ್ಲಿದ್ದವರು, ಲೆಕ್ಕದ ಮನುಷ್ಯ. "ಚುಕ್ಕಿ ಎಣಿಸಿ ಎಣಿಸಿ ಕಣ್ಣು ಹಾಳುಮಾಡಿಕೊಂಡು ಕಲಿತಿದ್ದೀಯ. ಕಲಿತ ವಿದ್ಯೆಗೆ ಒಂದು ಪ್ರತಿಫಲ ಬೇಡವೆ? ಡಾಕ್ಟರು ಬಿಟ್ಟಿ ನೋಡುತ್ತಾರೆಯೆ?" ಎಂದರು. ಮಾತು ಸುಲಭವಾಗಿ ತಳ್ಳಿಹಾಕುವಂಥದ್ದಲ್ಲ. ಎರಡು ದಿನ ಅದೇ ತಲೆಯಲ್ಲಿ ಕೊರೆಯಿತು. ಆಮೇಲೆ ಅನ್ನಿಸಿತು, ಡಾಕ್ಟರು ಫೀಸು ತೆಗೆದುಕೊಳ್ಳುವುದು ನಮಗೇನಾಗಿದೆ ಎಂದು ಹೇಳಿದ್ದಕ್ಕೆ. ನಮ್ಮ ಮೈಯೊಳಗಿನದು ನಮಗೆ ತಿಳಿಯದಂತೆ ಇಟ್ಟುಕೊಂಡು, ಆ ತಿಳಿಯದಿರುವಿಕೆಯಿಂದ ಲಾಭ ಮಾಡಿಕೊಂಡರೆ ಅವರನ್ನು ಡಾಕ್ಟರು ಎನ್ನುವುದಿಲ್ಲ. ನಾನೂ ಬೇಕಾದರೆ "ನೋಡಿಕೊಡುತ್ತೇನೆ, ಇಷ್ಟು ಕೊಡು" ಎಂದು ಕೇಳಬಹುದಿತ್ತು. ಹಾಗೆ ಕೇಳುವುದು ನ್ಯಾಯವೇ. ಯಜಮಾನರು "ಅದೂ ಒಂದು ಲೆಕ್ಕ" ಎಂದು ಪೇಪರು ಬಿಡಿಸಿದರು. ಅಷ್ಟು ಒಪ್ಪಿಗೆ ನನಗೆ ಸಾಕು.

ಇದೇ ಪ್ರಶ್ನೆಯನ್ನು ಎರಡು ಸಾವಿರ ವರ್ಷದ ಹಿಂದೆ ರೋಮಿನ ಸಿಸೆರೋ ಚರ್ಚಿಸಿದ್ದಾನೆ. ರೋಡ್ಸ್ ದ್ವೀಪದಲ್ಲಿ ಬರ. ಅಲೆಕ್ಸಾಂಡ್ರಿಯದಿಂದ ಧಾನ್ಯದ ಹಡಗು ತಂದ ವರ್ತಕನಿಗೆ ಹಿಂದೆ ಇನ್ನೂ ಹಡಗುಗಳು ಬರುತ್ತಿವೆಯೆಂದು ಗೊತ್ತು. ಹೇಳಿದರೆ ಬೆಲೆ ಇಳಿಯುತ್ತದೆ. ಹೇಳಬೇಕೆ? ಡಯೋಜಿನಿಸ್ ಎಂಬ ಗುರು, ಕಾನೂನು ಕೇಳಿದಷ್ಟು ಹೇಳಿದರೆ ಸಾಕು, ಮೌನ ಬೇರೆ ಮರೆಮಾಚುವುದು ಬೇರೆ ಎಂದ. ಅವನ ಶಿಷ್ಯ ಆಂಟಿಪೇಟರ್, ಎಲ್ಲವನ್ನೂ ಹೇಳಬೇಕು ಎಂದ. ಸಿಸೆರೋ ಶಿಷ್ಯನ ಕಡೆ. ನಾನೂ ಆ ಕಡೆಯೇ, ಆದರೆ ಪೂರ್ತಿ ಅಲ್ಲ. ರೋಡ್ಸಿನ ಜನಕ್ಕೆ ಹಸಿವು ಇತ್ತು, ಕಾಯುವ ಶಕ್ತಿ ಇರಲಿಲ್ಲ. ಅದೇ ವರ್ತಕ ಇನ್ನೊಬ್ಬ ವರ್ತಕನ ಜೊತೆ ವ್ಯವಹಾರಕ್ಕೆ ಕೂತಿದ್ದರೆ? ಜಾತ್ರೆಗಳಲ್ಲಿ ಹಳೆಯ ನಾಣ್ಯ ಹರವಿಕೊಂಡು ಕೂರುವ ವ್ಯಾಪಾರಿಗಳಿಂದ ನಾನು ಕೊಂಡಿದ್ದೇನೆ. ಒಮ್ಮೆ ಒಬ್ಬನ ರಾಶಿಯಲ್ಲಿ ಕಂಪನಿ ಕಾಲದ ಒಂದು ಪಾವಲಿ ಅವನಿಗೆ ಗುರುತು ಸಿಗದೆ ಬಿದ್ದಿತ್ತು; ಅವನು ಹೇಳಿದ ಬೆಲೆ ಕೊಟ್ಟು ತೆಗೆದುಕೊಂಡು ಬಂದೆ, ನಿದ್ದೆಗೇನೂ ಕೊರತೆಯಾಗಲಿಲ್ಲ. ಬೆಲೆ ತಿಳಿಯುವುದೇ ಅವನ ಕಸುಬು. ಅವನು ನನ್ನನ್ನು ನಂಬಿ ಕೂತಿರಲಿಲ್ಲ. ನನಗೆ ಗೊತ್ತಿಲ್ಲದ್ದನ್ನು ಅವನೂ ಹತ್ತು ಸಲ ನನ್ನ ತಲೆಗೆ ಕಟ್ಟಿರುತ್ತಾನೆ. ಹೀಗಾಗಿ ಹೊಣೆ ಬರುವುದು ಬೆಲೆಯ ಅಂತರದಿಂದ ಮಾತ್ರವಲ್ಲ. 'ನೀವಾದ್ರೆ ಮೋಸ ಮಾಡಲ್ಲ' ಎಂದು ಒಬ್ಬರು ನಮ್ಮ ಚಾಪೆಯ ಮೇಲೆ ಗಂಟು ಬಿಚ್ಚಿದಾಗ ಬರುತ್ತದೆ.

ನನ್ನ ಸಹೋದ್ಯೋಗಿಯೊಬ್ಬರು ಜೈನರು, ಶ್ರವಣಬೆಳಗೊಳದ ಹತ್ತಿರದವರು. ಕದಿಯಬಾರದೆಂಬ ವ್ರತಕ್ಕೆ ಭಂಗ ತರುವ ಐದು ದೋಷಗಳನ್ನು ತತ್ತ್ವಾರ್ಥಸೂತ್ರದಲ್ಲಿ ಹೇಳಿದೆಯೆಂದು ಅವರು ವಿವರಿಸಿದರು: ಕದಿಯಲು ಪ್ರಚೋದಿಸುವುದು, ಕದ್ದ ಮಾಲು ಕೊಳ್ಳುವುದು, ರಾಜ್ಯದ ಕಟ್ಟಳೆ ಮೀರಿ ವ್ಯಾಪಾರ ಮಾಡುವುದು, ತೂಕ ಅಳತೆಯಲ್ಲಿ ಹೆಚ್ಚುಕಡಿಮೆ ಮಾಡುವುದು, ನಕಲಿಯನ್ನು ಅಸಲಿಯೆಂದು ಕೊಡುವುದು. ಎಷ್ಟು ಲೋಕಾನುಭವ ಇದ್ದವರು ಮಾಡಿದ ಪಟ್ಟಿ! ಕಳ್ಳತನ ಎಂದರೆ ಗೋಡೆ ಕನ್ನ ಕೊರೆಯುವುದೆಂದು ತಿಳಿಯದೆ, ತಕ್ಕಡಿಯ ತನಕ ಬಂದಿದ್ದಾರೆ. "ಬೆಲೆ ಗೊತ್ತಿದ್ದೂ ಸುಮ್ಮನಿರುವುದು ಇದರಲ್ಲಿ ಎಲ್ಲಿ ಬರುತ್ತದೆ?" ಎಂದು ಕೇಳಿದೆ. ಅವರು ಸ್ವಲ್ಪ ಯೋಚಿಸಿ, "ನಾಲ್ಕನೆಯದರ ನೆರೆಮನೆಯಲ್ಲಿ" ಎಂದರು.

ಇಷ್ಟಾದರೆ ನಾನು ಹೇಳಿದ್ದು ಸರಿ ಎಂದು ಬೆನ್ನು ತಟ್ಟಿಕೊಂಡು ಪ್ರಬಂಧ ಮುಗಿಸಬಹುದಿತ್ತು. ಹಾಗಾಗಲಿಲ್ಲ. ನಾನು ಬೆಂಗಳೂರಿಗೆ ಹೋಗುವ ಮುಂಚೆಯೇ ಆ ಮನೆಯಲ್ಲಿ ವಿಷಯ ಹಬ್ಬಿತು. ಅವಳು ಗಂಡನಿಗೆ ಹೇಳಿದಳು, ಗಂಡ ಅಣ್ಣನಿಗೆ ಹೇಳಿದ. ಹತ್ತು ವರ್ಷದ ಹಿಂದೆ ಅಣ್ಣತಮ್ಮಂದಿರು ಭಾಗವಾಗುವಾಗ ಹೊಲ, ದನ, ಕೊಟ್ಟಿಗೆಯ ತೊಲೆ ಎಲ್ಲಕ್ಕೂ ಲೆಕ್ಕ ಹಾಕಿದ್ದರು. ಕಲಶದೊಳಗಿನ ರೂಪಾಯಿಯನ್ನು ಯಾರೂ ಕೇಳಿರಲಿಲ್ಲ. ಅತ್ತೆ ಅದನ್ನು ಈ ಸೊಸೆಗೆ ಕೊಟ್ಟಿದ್ದಳು. ಈಗ ಅದು 'ಹಿರೀಕರ ಗಂಟು' ಆಯಿತು. ಭಾವ ಪಾಲು ಕೇಳಿದ. ಜಗಲಿಯ ಮೇಲೆ ನಾಲ್ಕು ಜನ ಕೂತು ಪಂಚಾಯಿತಿ ನಡೆಯಿತು. ಬಾಯಿಂದ ಬಾಯಿಗೆ ಹೋಗುತ್ತ ಅದರ ಬೆಲೆ ಲಕ್ಷವನ್ನೂ ದಾಟಿತ್ತಂತೆ. ಕೊನೆಗೆ ಮಾರುವುದೇ ಬೇಡ, ಹಿರಿಯ ಮಗನ ಮನೆಯ ದೇವರ ಪೆಟ್ಟಿಗೆಯಲ್ಲಿರಲಿ ಎಂದು ತೀರ್ಮಾನವಾಯಿತು. ಹುಡುಗಿಯ ಫೀಸಿಗೆ ಅವಳು ಎರಡು ಕುರಿ ಮಾರಿದಳು.

"ನೀವು ಸುಮ್ಮನೆ ತೆಗೆದುಕೊಂಡು ದುಡ್ಡು ಕೊಟ್ಟಿದ್ದರೆ ಕುರಿಯಾದರೂ ಉಳಿಯುತ್ತಿತ್ತು" ಎಂದು ಶಾಲೆಯಲ್ಲಿ ಒಬ್ಬರು ಅಂದರು. ಈ ಮಾತಿಗೆ ಸಿಸೆರೋ ಉತ್ತರ ಕೊಡುವುದಿಲ್ಲ. ರೋಡ್ಸಿನ ಚರ್ಚೆಯಲ್ಲಿ ಇರುವವರು ಇಬ್ಬರೇ: ಕೊಡುವವನು, ಕೊಳ್ಳುವವನು. ನಮ್ಮ ಹಳ್ಳಿಯಲ್ಲಿ ಕೊಡುವವಳ ಬೆನ್ನ ಹಿಂದೆ ಗಂಡ, ಭಾವ, ಅತ್ತೆ, ಜಗಲಿ ಎಲ್ಲ ಇರುತ್ತವೆ. ಆ ರೂಪಾಯಿಗೆ ಬೆಲೆಯಿಲ್ಲವೆಂದು ಎಲ್ಲರೂ ತಿಳಿದಿದ್ದಷ್ಟು ದಿನ ಅದು ಅವಳದಾಗಿತ್ತು. ಬೆಲೆ ಇದೆಯೆಂದು ಗೊತ್ತಾದ ದಿನ ಮನೆತನದ್ದಾಯಿತು. ನಮ್ಮ ಕಡೆಯ ಹೆಂಗಸರ ಎಷ್ಟೋ ಆಸ್ತಿ ಹೀಗೆಯೇ, ಯಾರೂ ಲೆಕ್ಕಕ್ಕೆ ತೆಗೆದುಕೊಳ್ಳದಿರುವುದರಿಂದಲೇ ಉಳಿದಿರುತ್ತದೆ: ಸಾಸಿವೆ ಡಬ್ಬಿಯ ಚಿಲ್ಲರೆ, ಹಿತ್ತಲ ಕೋಳಿ, ಉಡಿದಾರಕ್ಕೆ ಕಟ್ಟಿದ ತೂತು ಕಾಸು. ಅಂಥದಕ್ಕೆ ಹೊರಗಿನವಳೊಬ್ಬಳು ಬಂದು ಬೆಲೆ ಕಟ್ಟಿದರೆ ಅದು ಉಪಕಾರವೋ ಅಪಕಾರವೋ? ನಾನು ಹೇಳಿದ್ದು ಅವಳೊಬ್ಬಳಿಗೇ. ಯಾರಿಗೆ ಹೇಳಬೇಕೆಂಬುದು ಅವಳಿಗೆ ಬಿಟ್ಟದ್ದಾಗಿತ್ತು. ಅಷ್ಟಕ್ಕೆ ನನ್ನ ಹೊಣೆ ಮುಗಿಯಿತೆಂದು ವಾದಿಸಬಹುದು; ಆದರೆ ಗಂಡನಿಗೆ ಹೇಳದೆ ಗುಟ್ಟಾಗಿ ಮಾರುವ ಸ್ವಾತಂತ್ರ್ಯ ಅವಳಿಗಿತ್ತೆ ಎಂದು ಕೇಳಿದರೆ ವಾದ ತಡವರಿಸುತ್ತದೆ.

ಹಾಗಾದರೆ ಮೌನವೇ ಒಳ್ಳೆಯದಿತ್ತೆ? ಅದನ್ನೂ ಒಪ್ಪಲಾರೆ. ಅವಳ ಮನೆಯಲ್ಲಿ ನ್ಯಾಯವಿಲ್ಲ, ಆದ್ದರಿಂದ ಅವಳಿಗೆ ತಿಳಿಯದಿರುವುದೇ ಕ್ಷೇಮ ಎಂದು ನಾನು ತೀರ್ಮಾನಿಸಿದರೆ ನಾನೂ ಆ ಜಗಲಿಯ ಮೇಲೆ ಐದನೆಯವಳಾಗಿ ಕೂತಂತೆ. ಅದರ ಜೊತೆಗೆ ಆ ಮೌನದಿಂದ ನನಗೆ ಲಾಭವಿತ್ತು. ಯಾರ ಕ್ಷೇಮಕ್ಕಾಗಿ ಸುಮ್ಮನಿದ್ದೇನೆಂದು ಹೇಳಿಕೊಳ್ಳುತ್ತೇನೋ ಅವರ ಸೊತ್ತೇ ನನ್ನ ಆಲ್ಬಮ್ಮಿಗೆ ಬಂದು ಸೇರುವುದಾದರೆ ಆ ಕರುಣೆಯನ್ನು ಎರಡು ಸಲ ಕಲ್ಲಿನ ಮೇಲೆ ಕುಟ್ಟಿ ನೋಡಬೇಕು.

ಅವಳೇ ಏನು ಹೇಳಿದಳು ಎಂದು ಓದುಗರು ಕೇಳಬಹುದು. ಮಾರನೆಯ ವರ್ಷ ಚನ್ನರಾಯಪಟ್ಟಣದ ಬಸ್ ನಿಲ್ದಾಣದಲ್ಲಿ ಸಿಕ್ಕಿದ್ದಳು. ನಾನಾಗಿ ಮಾತು ತೆಗೆಯಲು ಹಿಂಜರಿಯುತ್ತಿದ್ದಾಗ ಅವಳೇ ತೆಗೆದಳು. "ಹೋದ್ರೆ ಹೋಯ್ತು ಬಿಡಿ ಮೇಡಮ್ಮೋರೆ. ಏನ್ ಹೋಯ್ತು ಅಂತ ಗೊತ್ತಲ್ಲ ನಂಗೆ. ಈಗ ಹಬ್ಬಕ್ಕೆ ಅವ್ರ ಮನೇ ಕಲಶಕ್ಕೆ ಅದನ್ನ ಹಾಕ್ವಾಗೆಲ್ಲ ನನ್ನನ್ನ ಕರೀಲೇಬೇಕು, ಹಂಗಂತ ಅತ್ತೆ ಹೇಳವ್ರೆ." ಇದು ಸಮಾಧಾನದ ಮಾತೋ, ಕಹಿಯೋ, ಗೆಲುವೋ ನನಗೆ ಇವತ್ತಿಗೂ ಬಿಡಿಸಲಾಗಿಲ್ಲ. ಮಗಳು ಓದು ಮುಗಿಸಿ ಹಾಸನದಲ್ಲಿ ನರ್ಸಾಗಿದ್ದಾಳೆ.

ಬಳೆ ಬೆಸೆದ ಆ ರೂಪಾಯಿಯನ್ನು ನಾನು ಆಲ್ಬಮ್ಮಿನಲ್ಲಿ ಇಟ್ಟಿದ್ದೇನೆ. ನೋಡಿದ ಸಂಗ್ರಾಹಕರೆಲ್ಲ ಮುಖ ಸಿಂಡರಿಸುತ್ತಾರೆ. ಅವರ ಶಾಸ್ತ್ರದಲ್ಲಿ ಬೆಸುಗೆ ಬಿದ್ದ ನಾಣ್ಯ ಕೆಟ್ಟ ನಾಣ್ಯ. ಸವೆದದ್ದಕ್ಕೂ ಬೆಲೆಯಿಲ್ಲ. ಹತ್ತು ಸಾವಿರ ಕೈ ದಾಟಿ, ಸಂತೆಯಲ್ಲಿ ರಾಗಿ ಕೊಂಡು, ಕೂಲಿಗೆ ಸಂದು, ಮದುವೆಯಲ್ಲಿ ಮುಯ್ಯಾಗಿ, ರಾಣಿಯ ಮೂಗು ನುಣ್ಣಗಾಗುವಷ್ಟು ದುಡಿದ ರೂಪಾಯಿ ಕರಗಿಸುವುದಕ್ಕೆ ಲಾಯಕ್ಕು. ಒಂದು ದಿನವೂ ಯಾರ ಹಸಿವಿಗೂ ಒದಗದೆ ಜಿಪುಣನ ಪೆಟ್ಟಿಗೆಯಲ್ಲಿ ಮಲಗಿದ್ದದ್ದು ಅಮೂಲ್ಯ. ಹವ್ಯಾಸದ ಈ ನೀತಿಯನ್ನು ನಾನು ಬಲ್ಲೆ. ಬೆಲೆ ಹೇಳುವಾಗ ಅದರಂತೆಯೇ ಹೇಳುತ್ತೇನೆ, ಬೇರೆ ಹೇಳಿದರೆ ಕೇಳಿದವರಿಗೆ ಮೋಸವಾಗುತ್ತದೆ. ಆದರೆ ಮನಸ್ಸಿಗೆ ಒಪ್ಪಿಸಿಕೊಂಡಿಲ್ಲ. ಹೊಳೆನರಸೀಪುರದ ನನ್ನ ಅತ್ತೆಯ ಮನೆಯ ಹತ್ತಿರ, ಬೇಸಗೆಯಲ್ಲಿ ಹೇಮಾವತಿ ಇಳಿದಾಗ, ಹುಡುಗರು ಮರಳು ಜಾಲಿಸಿ ಮುಕ್ಕಾಸು, ತೂತು ಕಾಸು ತಂದುಕೊಡುತ್ತಿದ್ದರು. ಯಾರೋ ಸೇತುವೆಯಿಂದ ಕೈಮುಗಿದು ಎಸೆದವು. ಹಸಿರುಗಟ್ಟಿ, ಅಂಚು ಕರಗಿ, ರಾಜನೋ ರಾಣಿಯೋ ತಿಳಿಯದ ಆ ಕಾಸುಗಳಿಗೆ ಆಲ್ಬಮ್ಮಿನಲ್ಲಿ ಯಾವ ಪುಟವೂ ಇಲ್ಲ, ಬೇರೊಂದು ಡಬ್ಬಿಯಲ್ಲಿವೆ.

ಈಚೆಗೆ ಇನ್ನೊಂದು ಬಗೆಯ ನಾಣ್ಯ ನಮ್ಮ ಕಡೆ ಓಡಾಡುತ್ತಿದೆ. ಒಂದು ಕಡೆ ರಾಮಪಟ್ಟಾಭಿಷೇಕವೋ ಹನುಮಂತನೋ, ಇನ್ನೊಂದು ಕಡೆ 'ಈಸ್ಟ್ ಇಂಡಿಯಾ ಕಂಪನಿ 1818'. ಕಂಪನಿಯವರು ಅಂಥ ನಾಣ್ಯವನ್ನು ಹೊಡೆದೇ ಇಲ್ಲ. ಈಚಿನ ಕಾಲದಲ್ಲಿ ಎರಕ ಹೊಯ್ದವು. ಅದು ಅಕ್ಕಿಕಾಳನ್ನು ಸೆಳೆಯುತ್ತದೆ, ಕೋಟಿ ಬೆಲೆ ಎಂದು ನಂಬಿಸಿ ಹೊಲಮನೆ ಮಾರಿಸಿದವರಿದ್ದಾರೆ. ಹಳೆಯ ನಾಣ್ಯ ಕೊಳ್ಳುತ್ತೇವೆಂದು ರಿಸರ್ವ್ ಬ್ಯಾಂಕಿನ ಹೆಸರು ಹೇಳಿ ಶುಲ್ಕ ಕೀಳುವವರ ಬಗ್ಗೆ 2021ರ ಆಗಸ್ಟಿನಲ್ಲಿ ಆ ಬ್ಯಾಂಕೇ ಎಚ್ಚರಿಕೆ ಕೊಡಬೇಕಾಯಿತು. ನನ್ನ ಸಹೋದ್ಯೋಗಿ ಹೇಳಿದ ಐದನೆಯ ದೋಷ ಇವರಿಗೆಂದೇ ಬರೆದಂತಿದೆ.

ಹೋದ ವರ್ಷ ಒಂಬತ್ತನೆಯ ತರಗತಿಯ ಹುಡುಗನೊಬ್ಬ ಅಂಥದೇ ರಾಮನ ನಾಣ್ಯವನ್ನು ಕರ್ಚೀಪಿನಲ್ಲಿ ಕಟ್ಟಿ ತಂದ. ಅವನ ಅಜ್ಜಿಯದು. ಇದು ಅಸಲಿಯಲ್ಲ, ಇದನ್ನು ಯಾರಿಗೂ ಮಾರಬಾರದು, ಯಾರಾದರೂ ಕೊಳ್ಳಲು ಬಂದರೆ ನಂಬಬಾರದು ಎಂದು ಹೇಳಿದೆ. ಅವನು ತಲೆಯಾಡಿಸಿ, "ಅಜ್ಜಿ ಶುಕ್ರವಾರ ಶುಕ್ರವಾರ ಇದಕ್ಕೆ ಕುಂಕುಮ ಇಡುತ್ತೆ ಮಿಸ್. ಅಜ್ಜಿಗೂ ಹೇಳಬೇಕಾ?" ಎಂದು ಕೇಳಿದ. ಅಜ್ಜಿ ಅದನ್ನು ಮಾರುವವಳೂ ಅಲ್ಲ, ಕೊಳ್ಳುವವಳೂ ಅಲ್ಲ. ಅವಳು ಕುಂಕುಮ ಇಡುತ್ತಿದ್ದದ್ದು ಕಂಪನಿಗಲ್ಲ, ರಾಮನಿಗೆ. "ಕೇಳಿದರೆ ಹೇಳು, ಕೇಳದಿದ್ದರೆ ಬೇಡ" ಎಂದೆ. ಅವನಿಗೆ ಸಮಾಧಾನವಾಗಲಿಲ್ಲ. "ನೀವೇ ಹೇಳ್ತೀರಲ್ಲ ಮಿಸ್, ಗೊತ್ತಿದ್ದೂ ಹೇಳದೆ ಇರಬಾರದು ಅಂತ" ಎಂದ. ಕೊಡುವುದು ಕೊಳ್ಳುವುದು ಇದ್ದಾಗ ಒಂದು, ಇಲ್ಲದಾಗ ಒಂದು ಎಂದು ವಿವರಿಸಿದೆ. ಹುಡುಗ ಕರ್ಚೀಪಿನ ಗಂಟು ಬಿಗಿದುಕೊಂಡು, "ಯೋಚನೆ ಮಾಡ್ತೀನಿ ಮಿಸ್" ಎಂದು ಆಟಕ್ಕೆ ಓಡಿದ.